ಜುಟ್ಟಿಗೆ ಚಿನ್ನದ ಕೇಬಲ್

ಮುಂಬೈ ಪಕ್ಕದ ಡೊಂಬಿವಲಿಯ ಭಜನಾ ಮಂಡಳಿಗಳಲ್ಲಿ ಈಗ ದೇವರಿಗಿಂತ ಮೈಕಿನ ಕೇಬಲ್ ಸ್ಮರಣೆಯೇ ಜಾಸ್ತಿ. ಮನೆಮನೆಯಲ್ಲೂ ರೆಕಾರ್ಡಿಂಗ್ ಶುರುವಾಗಿದೆ. ಮಕ್ಕಳ ಓದು, ಊರಿನ ಮಳೆ ಎಲ್ಲ ಹಿಂದೆ ಸರಿದು, ‘ಕೇಬಲ್ ಯಾವುದು ಹಾಕಿದ್ದೀರಿ ಅಣ್ಣಾ?’ ಎನ್ನುವುದೇ ಕುಶಲೋಪರಿ.

‘ಚಿನ್ನದ ಲೇಪದ್ದು’ ಎಂದರೆ ಮರ್ಯಾದೆ. ಇಲ್ಲದಿದ್ದರೆ ಮೂಲೆಯಲ್ಲಿ ತಾಳ ಹಾಕಲು ಕೂರಿಸುತ್ತಾರೆ. ಕರೆಂಟ್ ಹರಿಸುವುದರಲ್ಲಿ ಚಿನ್ನ ತಾಮ್ರಕ್ಕಿಂತ ಹಿಂದೆ ಎಂದು ಸುಮ್ನೆ ಹೇಳಿ ನೋಡಿ, ಪ್ರಸಾದವೂ ಸಿಗುವುದಿಲ್ಲ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ನಿಜ. ಮುಂಬೈ ಮಳೆಗಾಲದಲ್ಲಿ ಅದೇನು ಸಣ್ಣ ಗುಣವಲ್ಲ. ಆದರೆ ಅದರಿಂದ ಶ್ರುತಿ ಸೇರುತ್ತದೆ ಎಂದು ಯಾವ ಪುಣ್ಯಾತ್ಮ ಹೇಳಿದನೋ!

ಕೆಲವು ಕೇಬಲ್‌ಗಳ ಮೇಲೆ ಬಾಣದ ಗುರುತು ಬೇರೆ. ಸದ್ದು ಆ ಕಡೆಗೇ ಹೋಗಬೇಕಂತೆ. ಮೈಕಿಗೆ ಹಾಕುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲಿಗೆ ಒಂದು ತುದಿಯಲ್ಲಿ ಪಿನ್, ಇನ್ನೊಂದರಲ್ಲಿ ತೂತು. ಉಲ್ಟಾ ಚುಚ್ಚುತ್ತೇನೆಂದರೂ ಆಗುವುದಿಲ್ಲ. ಒಳಗಿನ ಸಿಗ್ನಲ್ಲಂತೂ, ಅಂದರೆ ಸದ್ದನ್ನು ಹೊತ್ತ ಕರೆಂಟು, 440 ಹರ್ಟ್ಸ್‌ನ (ಸೆಕೆಂಡಿಗೆ 440 ಕಂಪನದ) ಒಂದು ಸ್ವರ ಹಿಡಿದರೆ, ಕಂಪನಕ್ಕೆ ಎರಡರಂತೆ ಸೆಕೆಂಡಿಗೆ 880 ಸಲ ದಿಕ್ಕು ಬದಲಿಸುತ್ತದೆ. ಅದಕ್ಕೆ ಬಾಣ ತೋರಿಸುವುದೆಂದರೆ ಸಂಜೆ ಆರಕ್ಕೆ ದಾದರ್ ಸ್ಟೇಷನ್ ಸೇತುವೆ ಮೇಲೆ ‘ಏಕಮುಖ ಸಂಚಾರ’ ಬೋರ್ಡ್ ನೇತುಹಾಕಿದ ಹಾಗೆ.

ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಪ್ಯಾಕೆಟ್ ಓದುವ ಬದಲು ಪ್ಲಗ್ಗಿನ ಕತ್ತು ತಿರುಗಿಸಿ ಬಿಚ್ಚಿಸಿ ನೋಡಬಹುದು. ಒಳಗೆ ಮೂರು ಬೆಸುಗೆ. ಒಂದು ಶೀಲ್ಡಿನದು (ತಂತಿಗಳ ಸುತ್ತಲಿನ ಲೋಹದ ಹೊದಿಕೆ), ಎರಡು ಸಿಗ್ನಲ್ಲಿನ ತಂತಿಗಳವು. ತಂತಿಯ ಎಳೆ ಬೆಸುಗೆಯಿಂದ ಹೊರಗೆ ಚಾಚಿದೆಯೇ? ವಯರನ್ನು ಕ್ಲಿಪ್ ಬಿಗಿಯಾಗಿ ಹಿಡಿದಿದೆಯೇ? ಸಿಗ್ನಲ್ಲಿನ ಆ ಎರಡು ತಂತಿಗಳಲ್ಲಿ ಒಂದೇ ಸಿಗ್ನಲ್ ಒಂದಕ್ಕೊಂದು ಉಲ್ಟಾ ಆಗಿ ಹೋಗುತ್ತದೆ. ದಾರಿಯಲ್ಲಿ ಎರಡಕ್ಕೂ ಸಮನಾಗಿ ಅಂಟಿಕೊಂಡ ಗುಂಯ್ ಸದ್ದು ಆಚೆ ತುದಿಯಲ್ಲಿ ವಜಾ ಆಗುತ್ತದೆ. ಈ ಕೆಲಸವನ್ನು ಬಡಪಾಯಿ ಕೇಬಲ್ಲೂ ಮಾಡುತ್ತದೆ. ಆದರೆ ಬೆಸುಗೆಯ ಫೋಟೋ ಸ್ಟೇಟಸ್‌ಗೆ ಹಾಕಿದರೆ ಯಾರು ನೋಡುತ್ತಾರೆ, ಅಲ್ವಾ?

ಇಷ್ಟೆಲ್ಲ ಖರ್ಚು ಮಾಡಿ ರೆಕಾರ್ಡಿಂಗ್‌ಗೆ ಕೂರುವುದು ರೈಲು ಹಳಿ ಕಡೆಯ ಕಿಟಕಿ ಪಕ್ಕದಲ್ಲಿ. ಮುಚ್ಚಿ ಎಂದರೆ ಸೆಖೆ. ಫ್ಯಾನ್ ನಿಲ್ಲಿಸಿ ಎಂದರೆ ಜಗಳ. ವಿಠ್ಠಲನ ನಾಮದ ನಡುವೆ ಕಸಾರಾ ಲೋಕಲಿನ ಹಾರ್ನ್ ಒಂದಿಷ್ಟೂ ಕೆಡದೆ ದಾಖಲಾಗುತ್ತದೆ.

ಹೊಸ ಕೇಬಲ್ಲನ್ನು ನೂರಾರು ಗಂಟೆ ಹಾಡಿಸಿ ಪಳಗಿಸಬೇಕು ಎನ್ನುವುದು ಈಚಿನ ಉಪದೇಶ. ನಮ್ಮ ತಬಲಾದವರು ಇಷ್ಟು ವರ್ಷವಾದರೂ ಪಳಗಿಲ್ಲ. ಅದಕ್ಕೆ ಯಾರೂ ತಲೆ ಕೆಡಿಸಿಕೊಂಡ ಹಾಗಿಲ್ಲ.