ಶರಾವತಿ ಪ್ರತಿಭಟನೆ: ‘ಸೆಕ್ಷನ್ 144’ ಮೆಸೇಜ್ ಬಗ್ಗೆ ಸ್ಪಷ್ಟನೆ

‘ಶರಾವತಿ ಪಂಪ್ಡ್ ಸ್ಟೋರೇಜ್ ವಿರುದ್ಧ ಐದು ಜನ ಸೇರಿದರೂ 144ರಡಿ ಕೇಸು’ ಎಂಬ ಮೆಸೇಜ್ ಸಾಗರ, ಹೊಸನಗರದ ಗ್ರೂಪ್‌ಗಳಲ್ಲಿ ಹರಿದಾಡುತ್ತಿದೆ (ಪಂಪ್ಡ್ ಸ್ಟೋರೇಜ್ ಎಂದರೆ ನೀರನ್ನು ಮೇಲಿನ ಜಲಾಶಯಕ್ಕೆ ಪಂಪ್ ಮಾಡಿ, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ಉತ್ಪಾದಿಸುವ ಯೋಜನೆ). ಇದು ತಪ್ಪು, ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಊರಿನವರು ಬಾಯಿಬಿಡಲೇ ಹೆದರುವಂತಾಗುತ್ತದೆ.

2024ರ ಜುಲೈ 1ರಿಂದ ಜನ ಸೇರುವುದನ್ನು ನಿಷೇಧಿಸಲು ಬಳಸುತ್ತಿದ್ದ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಆ ಸೆಕ್ಷನ್ ಜಾಗದಲ್ಲಿರುವುದು ಬಿಎನ್‌ಎಸ್‌ಎಸ್ 163 (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್). ಅದು ತಾನಾಗಿ ಜಾರಿಯಾಗುವುದಿಲ್ಲ. ಮ್ಯಾಜಿಸ್ಟ್ರೇಟರು ಕಾರಣ ಸಹಿತ ಲಿಖಿತ ಆದೇಶ ಹೊರಡಿಸಬೇಕು. ಅವಧಿ ಹೆಚ್ಚೆಂದರೆ 2 ತಿಂಗಳು. ರಾಜ್ಯ ಸರ್ಕಾರ ಅದರ ಮೇಲೆ ಇನ್ನೂ ಗರಿಷ್ಠ 6 ತಿಂಗಳು ವಿಸ್ತರಿಸಬಹುದು. ನ್ಯಾಯಯುತ ಅಭಿಪ್ರಾಯವನ್ನು ಹತ್ತಿಕ್ಕಲು ಇದನ್ನು ಬಳಸುವಂತಿಲ್ಲ, ಆದೇಶ ಪ್ರಕಟಿಸಲೇಬೇಕು ಎಂದು ಕಾಶ್ಮೀರದ ನಿರ್ಬಂಧಗಳನ್ನು ಪ್ರಶ್ನಿಸಿದ್ದ ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ.

ಪೊಲೀಸರು ತಡೆದರೆ ಆದೇಶದ ಪ್ರತಿ ಕೇಳಿ. ಸಹಿ, ದಿನಾಂಕ, ಯಾವ ಪ್ರದೇಶ ಎಂಬುದನ್ನು ನೋಡಿ. ನಿಜಕ್ಕೂ ಆದೇಶವಿದ್ದರೆ ಮೀರಬೇಡಿ, ಬಿಎನ್‌ಎಸ್ 223ರಡಿ (ಭಾರತೀಯ ನ್ಯಾಯ ಸಂಹಿತೆಯ ಆದೇಶ ಉಲ್ಲಂಘನೆಯ ಸೆಕ್ಷನ್) ಕೇಸಾಗುತ್ತದೆ. ಬದಲಿಗೆ ಅದೇ ಮ್ಯಾಜಿಸ್ಟ್ರೇಟರಿಗೆ ರದ್ದತಿ ಕೋರಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.