ಗೊರೂರರ ನಗು ಕ್ಯಾಮೆರಾಗೆ ಸಿಗುತ್ತಾ?

ನಮ್ಮ ಹಾಸನದ ಹುಡುಗರು ಗೊರೂರು ರಾಮಸ್ವಾಮಿ ಅಯ್ಯಂಗಾರರ ಒಂದು ಕಥೆಯನ್ನು ಕಿರುಚಿತ್ರ ಮಾಡಿದ್ದಾರೆ. ಯಾವ ಕಥೆ ಅಂತ ಅವರೇ ಹೇಳಲಿ, ನಾನು ಬಾಯಿ ಬಿಡಲ್ಲ. ಜಾಗ ಹುಡುಕಲು, ಸಾಮಾನು ಹೊಂದಿಸಲು ನಾನೂ ಜೊತೆಗಿದ್ದೆ. ಸಿಕ್ಕಿದವರೆಲ್ಲ ಕೇಳುವುದು ಒಂದೇ: ಯಾವ ಕ್ಯಾಮೆರಾ, ಎಷ್ಟು ಖರ್ಚಾಯ್ತು? ತೆರೆಯ ಹಿಂದೆ ನಡೆದದ್ದು ಅಷ್ಟೇನಾ?

ಮೊದಲ ತಲೆನೋವು ಅನುಮತಿಯದು. "ಹಳೇ ಕಥೆ ಸಾರ್, ಯಾರ್ ಕೇಳ್ತಾರೆ?" ಅಂದ ಒಬ್ಬ. ಕೇಳುತ್ತಾರಪ್ಪ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಯ ಹಕ್ಕು ವಾರಸುದಾರರದ್ದು. ಗೊರೂರರು ಹೋಗಿದ್ದು 1991ರಲ್ಲಿ. ಅಂದರೆ 2051 ಮುಗಿಯುವ ತನಕ ಒಪ್ಪಿಗೆ ಪತ್ರ ಬೇಕೇ ಬೇಕು. ಪತ್ರ ಕೈಗೆ ಬಂದ ಮೇಲೆಯೇ ಶೂಟಿಂಗ್.

ಆಮೇಲೆ ಹೊಳೆ. ಗೊರೂರರ ಕಥೆ ಅಂದ ಮೇಲೆ ಹೇಮಾವತಿ ಇರಬೇಕಲ್ವಾ? ಗೊರೂರಿಗೇ ಹೋದೆವು. ಅಲ್ಲಿ ಈಗ ಅಣೆಕಟ್ಟು. ಅವರು ಹಳ್ಳಿಯ ಚಿತ್ರಗಳನ್ನು ಬರೆದಾಗ ಇದ್ದ ಹೊಳೆ ಬೇರೆ, ಈಗ ಗೇಟು ಎತ್ತಿದಾಗ ಬರುವ ನೀರು ಬೇರೆ. ಹಿನ್ನೀರಿನ ಕಡೆ ಹೋದರೆ ಶೆಟ್ಟಿಹಳ್ಳಿ ಚರ್ಚ್ ನೋಡಲು ಬಂದವರ ಕಾರುಗಳು. ಕೊನೆಗೆ ಮೇಲಕ್ಕೆ ಹೋಗಿ ಸಕಲೇಶಪುರದ ಕಡೆ ತೆಗೆದೆವು. ದಡದ ಮರಗಳು ಮಲೆನಾಡಿನವು ಅಂತ ಯಾರಾದರೂ ಕಂಡುಹಿಡಿದರೆ, ಹೌದು, ಅಲ್ಲಿಯವೇ.

ನಾಡಹೆಂಚಿನ ಮನೆ ಸಿಕ್ಕಿತು, ಅದರ ಮುಂದೆ ಡಿಶ್ ಆಂಟೆನಾ! "ಅದ್ನ ಬಿಚ್ಚಿದ್ರೆ ಧಾರಾವಾಹಿ ಹೆಂಗ್ ನೋಡ್ಲಿ ಮಗ?" ಅಂದರು ಮನೆಯ ಅಜ್ಜಿ. ಹಗಲು ತೆಂಗಿನ ಗರಿ ಮುಚ್ಚುವುದು, ಸಂಜೆ ತೆಗೆದು ಕೊಡುವುದು ಅಂತ ಒಪ್ಪಂದವಾಯಿತು.

ನಿಜವಾದ ಕಷ್ಟ ಎಡಿಟಿಂಗ್‌ನಲ್ಲಿ ಬಂತು. ಗೊರೂರರಲ್ಲಿ ನಗು ಪಾತ್ರಗಳ ಮಾತಿಗಿಂತ ಜಾಸ್ತಿ ಅವರು ಹೇಳುವ ವರಸೆಯಲ್ಲಿದೆ. ತೆರೆಯ ಮೇಲೆ ಆ ಹೇಳುವವರೇ ಇರುವುದಿಲ್ಲ. ಹುಡುಗರು ಕಥೆಯ ಸಾಲುಗಳನ್ನೇ ಹಿನ್ನೆಲೆ ದನಿಯಲ್ಲಿ ಓದಿಸಿದ್ದರು. ರೇಡಿಯೋ ನಾಟಕ ಕೇಳಿದ ಹಾಗಾಯಿತು. ಹೋಗಿ 'ಭೂತಯ್ಯನ ಮಗ ಅಯ್ಯು' ನೋಡ್ರಪ್ಪ ಅಂದೆ. ಅದೂ ಗೊರೂರರ ಕಥೆಯೇ. 1974ರಲ್ಲಿ ಬಂದ ಆ ಚಿತ್ರವನ್ನು ಸಿದ್ದಲಿಂಗಯ್ಯನವರು ತೆಗೆದದ್ದು ಇಲ್ಲೇ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಳಸಾಪುರದಲ್ಲಿ. ಲೋಕೇಶ್, ವಿಷ್ಣುವರ್ಧನ್ ಹಗೆತನ ಒಂದು ಕಡೆ ಇರಲಿ, ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವುದನ್ನು ಯಾರು ಮರೆತಿದ್ದಾರೆ? ಆ ಉಪ್ಪಿನಕಾಯಿ ಅವರ ಹೆಸರಿಗೇ ಅಂಟಿಕೊಂಡಿತು. ಅಲ್ಲಿ ನಗಿಸುವುದು ಮುಖ, ಮಾತಲ್ಲ.

ಹುಡುಗರು ತೆಗೆದದ್ದನ್ನೆಲ್ಲ ಮತ್ತೆ ಹಾಕಿ ನೋಡಿದರು. ಶಾನುಭೋಗರ ಪಾತ್ರ ಮಾಡಿದ್ದು ಒಬ್ಬ ನಿವೃತ್ತ ಮೇಷ್ಟ್ರು. ಒಂದು ಕಡೆ ಅವರು ನಶ್ಯದ ಡಬ್ಬಿ ತೆಗೆದು, ಮುಚ್ಚಳಕ್ಕೆ ಬೆರಳು ತಟ್ಟುತ್ತಾರೆ. ಎದುರಿಗಿದ್ದವನು ಆಸೆಯಿಂದ ಕೈ ಚಾಚುತ್ತಿದ್ದ ಹಾಗೆ ತಣ್ಣಗೆ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಸ್ಕ್ರಿಪ್ಟ್‌ನಲ್ಲಿ ಅದು ಇರಲೇ ಇಲ್ಲ, ಮೇಷ್ಟ್ರು ಸುಮ್ನೆ ಮಾಡಿದ್ದು. ಅದು ಒಳಗೆ ಬಂತು, ಹಿನ್ನೆಲೆ ದನಿ ಹೊರಗೆ ಹೋಯಿತು.

ಈಗ ಉಳಿದಿರುವ ಜಗಳ ಶುರುವಿನ ಡ್ರೋನ್ ಶಾಟ್‌ನದು. ಗೊರೂರರು ಊರನ್ನು ಜಗಲಿ ಮೇಲೆ ಕೂತು ನೋಡಿದವರು, ಅವರ ಕಥೆಗೆ ಆಕಾಶದಿಂದ ಇಣುಕುವುದು ಯಾಕೆ? ಕಿತ್ತು ಹಾಕಿ ಅಂತ ನಾನು. ಬಾಡಿಗೆ ಕೊಟ್ಟಾಗಿದೆ ಸಾರ್ ಅಂತ ನಿರ್ದೇಶಕ. ಟ್ರೇಲರ್‌ಗೆ ಹಾಕಿಕೊಳ್ಳಲಿ, ನನ್ನ ತಕರಾರಿಲ್ಲ.