ಬೆನ್ನುನೋವು ಇನ್ನೊಂದು ತಿಂಗಳು ಇರಲಿ

ಆಪರೇಷನ್ ಮಾಡಿಸಿಕೊಂಡವರನ್ನು ನೋಡಲು ಹೋದರೆ ಒಂದಷ್ಟು ಮೂಸಂಬಿ ಕೊಟ್ಟು 'ಬೇಗ ಹುಷಾರಾಗಿ' ಅನ್ನುವುದು ನಮ್ಮ ಕಡೆಯ ಪದ್ಧತಿ. ಸ್ಪೇನಿನ ಫುಟ್‌ಬಾಲ್ ಕ್ಲಬ್ ಬಾರ್ಸಿಲೋನಾದ ಪದ್ಧತಿ ಬೇರೆ. 2025ರ ಜುಲೈ ಕೊನೆಗೆ ಗೋಲ್‌ಕೀಪರ್ ಟೆರ್ ಸ್ಟೇಗನ್ ಬೆನ್ನು ಕೊಯ್ಯಿಸಿಕೊಂಡು, ಮೂರು ತಿಂಗಳಲ್ಲಿ ಬರುತ್ತೇನೆ ಅಂದ. ಕ್ಲಬ್ಬಿನವರ ಮುಖ ಸಪ್ಪಗಾಯಿತು. ಬರೀ ಮೂರಾ? ಸ್ಪೇನಿನ ಲೀಗ್ ಲಾ ಲಿಗಾ ಪ್ರತಿ ಕ್ಲಬ್ಬಿನ ಸಂಬಳದ ಖರ್ಚಿಗೂ ಒಂದು ಲಿಮಿಟ್ ಇಟ್ಟಿದೆ; ಅದರ ನಿಯಮದ ಪ್ರಕಾರ ಗಾಯಾಳು ಕನಿಷ್ಠ ನಾಲ್ಕು ತಿಂಗಳು ಹೊರಗಿದ್ದರೆ ಮಾತ್ರ ಅವನ ಸಂಬಳದ ಶೇ 80ರಷ್ಟು ಜಾಗದಲ್ಲಿ ಇನ್ನೊಬ್ಬನ ಹೆಸರು ಬರೆಸಬಹುದು. ಆ ಇನ್ನೊಬ್ಬ, ಅಂದರೆ ಹೊಸ ಗೋಲ್‌ಕೀಪರ್ ಜೊವಾನ್ ಗಾರ್ಸಿಯಾ, ದುಡ್ಡು ಕೊಟ್ಟು ತಂದ ಮೇಲೂ ರಿಜಿಸ್ಟರ್ ಆಗದೆ ನಿಂತಿದ್ದ.

ವೈದ್ಯಕೀಯ ವರದಿ ಲೀಗಿಗೆ ಹೋಗಬೇಕಾದರೆ ರೋಗಿಯ ಸಹಿ ಬೇಕು. ರೋಗಿ ಸಹಿ ಹಾಕಲಿಲ್ಲ. ಆಗಸ್ಟ್ 7ಕ್ಕೆ ನಾಯಕಪಟ್ಟ ಕಿತ್ತುಕೊಂಡರು. ಮರುದಿನ ಸಹಿ ಹಾಕಿದ, ಪಟ್ಟ ವಾಪಸ್ ಬಂತು. 2014ರಿಂದ ಆ ಗೋಲ್ ಕಾದವನ ಬೆನ್ನುಮೂಳೆಯನ್ನು ಇಷ್ಟು ಕಾಳಜಿಯಿಂದ ಯಾವ ಡಾಕ್ಟರೂ ನೋಡಿರಲಿಕ್ಕಿಲ್ಲ, ಅಕೌಂಟೆಂಟ್ ನೋಡಿದ.

ಕಥೆ ನಿಮಗೆ ಗೊತ್ತಿರುವುದೇ. ಆದರೂ ಆ ಲಿಮಿಟ್ಟಿನ ಅಂಕಿಗಳನ್ನು ಒಮ್ಮೆ ಸಾಲಾಗಿ ಓದುವುದರಲ್ಲಿ ಒಂದು ಸುಖವಿದೆ. ವರ್ಷಕ್ಕೆ ಬರುವ ಆದಾಯದಲ್ಲಿ ಆಟಕ್ಕೆ ಸಂಬಂಧಪಡದ ಖರ್ಚನ್ನೂ ಸಾಲದ ಕಂತನ್ನೂ ಕಳೆದು, ಉಳಿದಷ್ಟರಲ್ಲೇ ಆಟಗಾರರನ್ನು ಸಾಕಿ ಎಂದು ಲೀಗ್ ಪ್ರತಿ ಕ್ಲಬ್ಬಿಗೂ ಒಂದು ಮಿತಿ ಹಾಕುತ್ತದೆ. ನಿಯಮ ಒಳ್ಳೆಯದೇ. ತೆರಿಗೆ ಬಾಕಿ, ಸಂಬಳ ಬಾಕಿ ಹೊತ್ತು ಸ್ಪೇನಿನ ಕ್ಲಬ್ಬುಗಳು ಮುಳುಗುತ್ತಿದ್ದ ಕಾಲದಲ್ಲಿ ತಂದದ್ದು. 2019–20ರಲ್ಲಿ ಬಾರ್ಸಿಲೋನಾದ ಮಿತಿ 671 ಮಿಲಿಯನ್ ಯೂರೊ. ಕೋವಿಡ್ ಬಂತು, ಸ್ಟೇಡಿಯಂ ಖಾಲಿಯಾಯಿತು. ಮುಂದಿನ ವರ್ಷ ಸುಮಾರು 383. ಅದರ ಮುಂದಿನ ವರ್ಷ 98ರ ಆಸುಪಾಸು. 2022ರ ಮಾರ್ಚ್‌ನಲ್ಲಿ ಮೈನಸ್ 144.

ಮೈನಸ್ 144 ಮಿಲಿಯನ್! ಆಗಿನ ಲೆಕ್ಕಕ್ಕೆ ಸುಮಾರು 1,200 ಕೋಟಿ ರೂಪಾಯಿ. ನಾನು ಈ ಅಂಕಿಯನ್ನು ಬಹಳ ಹೊತ್ತು ಧ್ಯಾನಿಸಿದ್ದೇನೆ. ತಿಂಗಳ ಮೊದಲ ತಾರೀಖು ಪಿಕೆ, ಬುಸ್ಕೆಟ್ಸ್‌ರಂಥ ಹಿರಿಯ ಆಟಗಾರರೆಲ್ಲ ಕ್ಯಾಷಿಯರ್ ಕಿಟಕಿ ಮುಂದೆ ಸಾಲಾಗಿ ನಿಂತು, ಚಿಲ್ಲರೆ ಸಮೇತ ದುಡ್ಡು ಕಟ್ಟಿ, ರಸೀದಿ ತೆಗೆದುಕೊಂಡು ಪ್ರಾಕ್ಟೀಸಿಗೆ ಹೋಗಬೇಕು ಅಂತಲೇ? ಹಾಗೇನಿಲ್ಲ. ಆ ಚಳಿಗಾಲದಲ್ಲೇ ಮ್ಯಾಂಚೆಸ್ಟರ್ ಸಿಟಿಗೆ 55 ಮಿಲಿಯನ್ ಕೊಟ್ಟು ಫೆರಾನ್ ಟೊರೆಸ್‌ನನ್ನು ತಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದವರು ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಕಡೆ ಹೋಗಿಬಂದವರೇ ಇರಬೇಕು.

ಈ ಬಡತನ ಕೋವಿಡ್ ಒಂದರಿಂದಲೇ ಬಂದದ್ದಲ್ಲ. ಕುಟೀನ್ಯೊ ನೆನಪಿದೆಯೇ? 2018ರ ಜನವರಿಯಲ್ಲಿ ಲಿವರ್‌ಪೂಲ್‌ನಿಂದ ಕೊಂಡಾಗ ಅವನೇ ಕ್ಲಬ್ಬಿನ ಇತಿಹಾಸದ ಅತಿ ದುಬಾರಿ ಖರೀದಿ. ಆಡಿಸಲು ತೋಚದೆ ಬಯರ್ನ್ ಮ್ಯೂನಿಕ್‌ಗೆ ಕಡ ಕೊಟ್ಟರು. 2020ರ ಆಗಸ್ಟ್‌ನಲ್ಲಿ ಅದೇ ಬಯರ್ನ್ 8-2ರಿಂದ ಬಡಿಯಿತಲ್ಲ, ಆ ರಾತ್ರಿಯ ಕೊನೆಯ ಎರಡು ಗೋಲು ಅವನವು. ತಮ್ಮದೇ ಆಟಗಾರನ ಕೈಲಿ ಗೋಲು ಹೊಡೆಸಿಕೊಳ್ಳುವ ಈ ಆತಿಥ್ಯ ಎಲ್ಲ ಕ್ಲಬ್ಬಿಗೂ ಬರುವುದಿಲ್ಲ. ಅಂದು ಇನ್ನೊಂದು ಗೋಲು ಹೊಡೆದ ಲೆವಾಂಡೋವ್ಸ್ಕಿಯನ್ನು ಎರಡು ವರ್ಷ ಕಾದು, ಅವನಿಗೆ 34 ಹತ್ತಿರವಾಗುವಾಗ, 45 ಮಿಲಿಯನ್‌ಗೆ ಮನೆಗೇ ಕರೆತಂದರು. ಹೊಡೆದವರನ್ನು ಮರೆಯದ ದೊಡ್ಡ ಮನಸ್ಸು.

8-2ರ ಮರುತಿಂಗಳು ಸಂಬಳದ ಭಾರ ಇಳಿಸುವ ಹೆಸರಲ್ಲಿ ಸುವಾರೆಸ್‌ನನ್ನು ಹೆಚ್ಚುಕಡಿಮೆ ಪುಕ್ಕಟೆಯಾಗಿ ಕೊಟ್ಟರು. ಯಾರಿಗೆ? ಲೀಗಿನಲ್ಲಿ ಪೈಪೋಟಿಗೆ ನಿಂತ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ. ಅವನು ಅಲ್ಲಿ 21 ಗೋಲು ಹೊಡೆದ, ಅಟ್ಲೆಟಿಕೊ ಲೀಗ್ ಗೆದ್ದಿತು. ಭಾರ ಇಳಿಯಿತು, ಕಪ್ಪೂ ಇಳಿಯಿತು.

ಆಮೇಲೆ ಮೆಸ್ಸಿ. ಅರ್ಧ ಸಂಬಳಕ್ಕೆ ಒಪ್ಪಿದರೂ ಮಿತಿಯೊಳಗೆ ಜಾಗವಿಲ್ಲ ಎಂದು 2021ರ ಆಗಸ್ಟ್‌ನಲ್ಲಿ ಕಣ್ಣೀರಿನೊಂದಿಗೆ ಕಳಿಸಿದರು. ಕ್ಲಬ್ಬಿಗೆ ಒಂದು ಯೂರೊ ಬರಲಿಲ್ಲ, ಫ್ರೀ ಏಜೆಂಟ್ ಆಗಿ ಪ್ಯಾರಿಸ್‌ಗೆ ಹೋದ. ಎರಡು ತಿಂಗಳ ಮೇಲೆ ಅಧ್ಯಕ್ಷ ಲಪೋರ್ತ ಸಾಹೇಬರು ರೇಡಿಯೊದಲ್ಲಿ, ಮೆಸ್ಸಿ ಕೊನೇ ಗಳಿಗೆಯಲ್ಲಿ ಪುಕ್ಕಟೆ ಆಡುತ್ತೇನೆ ಅನ್ನಬಹುದೆಂಬ ಆಸೆ ತಮಗಿತ್ತು ಎಂದರು. ಅದೇ ಬೇಸಿಗೆಯಲ್ಲಿ ಅಗುಎರೊ, ಮೆಂಫಿಸ್, ಎರಿಕ್ ಗಾರ್ಸಿಯಾ ಮೂವರೂ ಟ್ರಾನ್ಸ್‌ಫರ್ ಫೀ ಇಲ್ಲದೆ ಬಂದಿದ್ದರು. ಫೀ ಇಲ್ಲದಿದ್ದರೇನು, ಸಂಬಳ ಕೊಡಬೇಕಲ್ಲ! ಪಿಕೆ ತನ್ನ ಸಂಬಳ ಕತ್ತರಿಸಿಕೊಂಡ ಮೇಲೆಯೇ ಮೆಂಫಿಸ್ ಮತ್ತು ಎರಿಕ್ ಹೆಸರು ಪಟ್ಟಿಗೆ ಹತ್ತಿದ್ದು.

ಲೀಗಿನ ಅಧ್ಯಕ್ಷ ಟೆಬಾಸ್ ಚಾಪೆ ಕೆಳಗೆ ತೂರಿದರೆ ಲಪೋರ್ತ ರಂಗೋಲಿ ಕೆಳಗೆ ತೂರುವ ಆಸಾಮಿ. 2022ರ ಬೇಸಿಗೆಯಲ್ಲಿ ಕ್ಲಬ್ಬಿನ ಟಿವಿ ಹಕ್ಕಿನ ಕಾಲು ಭಾಗವನ್ನು 25 ವರ್ಷಕ್ಕೆ ಸಿಕ್ಸ್ತ್ ಸ್ಟ್ರೀಟ್ ಎಂಬ ಅಮೆರಿಕದ ಹೂಡಿಕೆ ಕಂಪನಿಗೆ ಬರೆದುಕೊಟ್ಟರು. 2047ರವರೆಗೆ. ಈಗ ಮೀಸೆ ಚಿಗುರುತ್ತಿರುವ ಲಮೀನ್ ಯಮಾಲ್‌ಗೆ 40 ತುಂಬುವವರೆಗೂ ಲೀಗಿನಿಂದ ಬರುವ ಟಿವಿ ದುಡ್ಡಿನ ನಾಲ್ಕರಲ್ಲೊಂದು ಪಾಲು ಅಲ್ಲಿಗೆ. ಆಮೇಲೆ ಕ್ಲಬ್ಬಿನ ವಿಡಿಯೊ ಕಂಪನಿ ಬಾರ್ಸಾ ಸ್ಟುಡಿಯೋಸ್‌ನ ಶೇ 49ರಷ್ಟನ್ನು 200 ಮಿಲಿಯನ್‌ಗೆ ಮಾರಿದೆವು ಎಂದರು. ಕೊಂಡವರಿಂದ ದುಡ್ಡು ಸರಿಯಾಗಿ ಬರಲೇ ಇಲ್ಲ. ಅದರ ಹೊಡೆತ 2023–24ರ ನಷ್ಟದ ಲೆಕ್ಕದಲ್ಲಿ ಕೂತಿದೆ. ಆದರೆ ಆ ಸೆಪ್ಟೆಂಬರ್‌ನಲ್ಲಿ ಮೈನಸ್ 144 ಇದ್ದ ಮಿತಿ ಒಂದೇ ಏಟಿಗೆ 656ಕ್ಕೆ ನೆಗೆಯಿತು. ಮರುವರ್ಷ 270ಕ್ಕೆ ಬಿತ್ತು. ನೆಗೆದಾಗ ಲೆವಾಂಡೋವ್ಸ್ಕಿ, ರಫಿನ್ಯ, ಕುಂಡೆ ಬಂದರು. ಬಿದ್ದಾಗ ಮತ್ತೆ ಅದೇ ಗೋಳು.

ನನಗೆ ತುಂಬಾ ಇಷ್ಟವಾದದ್ದು ವಿಐಪಿ ಬಾಕ್ಸಿನ ಪ್ರಸಂಗ. ಮಿಡ್‌ಫೀಲ್ಡರ್ ಡಾನಿ ಓಲ್ಮೊನನ್ನು 2024ರ ಆಗಸ್ಟ್‌ನಲ್ಲಿ ತಂದರು, ಜಾಗವಿರಲಿಲ್ಲ. ಡಿಫೆಂಡರ್ ಕ್ರಿಸ್ಟೆನ್ಸನ್ ಪುಣ್ಯಾತ್ಮ ಹಿಮ್ಮಡಿಯ ನರ ನೋಯಿಸಿಕೊಂಡ, ಅವನ ಗಾಯದ ಖಾತೆಯಲ್ಲಿ ಓಲ್ಮೊಗೆ ಡಿಸೆಂಬರ್ 31ರವರೆಗೆ ಜಾಗವಾಯಿತು. ಗಡುವು ಹತ್ತಿರ ಬಂದಾಗ ಕ್ಯಾಂಪ್ ನೂ ಸ್ಟೇಡಿಯಂನ 475 ವಿಐಪಿ ಸೀಟುಗಳ ಹಕ್ಕನ್ನು ಕೊಲ್ಲಿ ದೇಶಗಳ ಹೂಡಿಕೆದಾರರಿಗೆ 100 ಮಿಲಿಯನ್‌ಗೆ ಮಾರಿದರು. ಸ್ಟೇಡಿಯಂ ಎಲ್ಲಿತ್ತು? ಕ್ರೇನುಗಳ ನಡುವೆ ಇತ್ತು, ಅರ್ಧಂಬರ್ಧ. ಸರ್ಜಾಪುರ ರಸ್ತೆಯಲ್ಲಿ ಪ್ರೀ-ಲಾಂಚ್ ಆಫರ್ ಅಂತ ಫ್ಲ್ಯಾಟ್ ಬುಕ್ ಮಾಡಿ, ಭಾನುವಾರ ಹೆಂಡತಿ ಮಕ್ಕಳನ್ನು ಕರೆದೊಯ್ದು ಗಾಳಿಯಲ್ಲಿ ಬೆರಳು ತೋರಿಸುತ್ತಾ 'ಅದೋ ಅಲ್ಲಿ, ಎಂಟನೇ ಮಹಡಿ, ಅಲ್ಲೇ ನಮ್ಮ ಬಾಲ್ಕನಿ' ಅನ್ನುವವರಿಗೆ ಈ ವ್ಯವಹಾರ ಚೆನ್ನಾಗಿ ಅರ್ಥವಾಗುತ್ತದೆ. ವ್ಯತ್ಯಾಸ ಇಷ್ಟೇ: ನಮ್ಮ ಬಾಲ್ಕನಿಯನ್ನು ತೋರಿಸಿ ಮಿಡ್‌ಫೀಲ್ಡರ್‌ನನ್ನು ಆಡಿಸಲು ಬ್ಯಾಂಕಿನವರು ಬಿಡುವುದಿಲ್ಲ.

ಆದರೂ ಗಡುವು ದಾಟಿ ಓಲ್ಮೊ ಹೆಸರು ಪಟ್ಟಿಯಿಂದ ಹೊರಬಿತ್ತು. ತಂಡ ಆಗ ಸ್ಪೇನಿನ ಸೂಪರ್ ಕಪ್ ಆಡಲು ಸೌದಿಯ ಜೆಡ್ಡಾಕ್ಕೆ ಹೋಗಿತ್ತು; ಅಲ್ಲಿ ಯಾಕೆ ಆಡುತ್ತಾರೆ ಎಂದು ಕೇಳಬೇಡಿ, ಅದಕ್ಕೆ ಇನ್ನೊಂದು ಅಂಕಣ ಬೇಕು. 2025ರ ಜನವರಿ 8ರಂದು ಸ್ಪೇನ್ ಸರ್ಕಾರದ ಕ್ರೀಡಾ ಮಂಡಳಿ ಓಲ್ಮೊಗೆ ತಾತ್ಕಾಲಿಕ ಅನುಮತಿ ಕೊಟ್ಟಿತು. ಸುದ್ದಿ ಕೇಳಿ ಜೆಡ್ಡಾದಲ್ಲಿ ಲಪೋರ್ತ ಸಾಹೇಬರು ಮಾಡಿದ ಅಸಭ್ಯ ಕೈಸನ್ನೆಯನ್ನು ನೀವು ನೋಡಿರಬಹುದು. ಏಪ್ರಿಲ್‌ನಲ್ಲಿ ಲೀಗ್, ಹೊಸ ಆಡಿಟರ್ ನೋಡಿದ ಲೆಕ್ಕದಲ್ಲಿ ಆ 100 ಮಿಲಿಯನ್ ಆದಾಯವಾಗಿ ಕಾಣುತ್ತಲೇ ಇಲ್ಲ ಎಂದಿತು. ಆದರೂ ಕ್ರೀಡಾ ಮಂಡಳಿಯ ತೀರ್ಪು ಆಟಗಾರನ ಪರವಾಗಿಯೇ ಬಂತು. ಓಲ್ಮೊ ಆಡಿದ, ಬಾರ್ಸಿಲೋನಾ ಲೀಗ್ ಗೆದ್ದಿತು, ಮೆರವಣಿಗೆ ಆಯಿತು.

ನಗು ಇಲ್ಲಿಗೆ ನಿಲ್ಲುತ್ತದೆ. ಅದೇ ತಂಡದ ಮಿಡ್‌ಫೀಲ್ಡರ್ ಫ್ರೆಂಕಿ ಡಿ ಯಾಂಗ್ ಕಥೆ ಹೇಳುವಾಗ ನನಗೆ ನಗು ಬರುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಕ್ಲಬ್ಬಿಗೆ ಕಷ್ಟವಿದೆ, ಈಗ ಕಡಿಮೆ ತಗೋ, ಉಳಿದದ್ದನ್ನು ಮುಂದೆ ಕೊಡುತ್ತೇವೆ ಎಂದು ಬರೆಸಿಕೊಂಡರು. ಬರೆಸಿಕೊಂಡ ಆಡಳಿತ ಮಂಡಳಿ ಒಂದು ವಾರದಲ್ಲಿ ರಾಜೀನಾಮೆ ಕೊಟ್ಟು ಎದ್ದು ಹೋಯಿತು. 2022ರಲ್ಲಿ 'ಮುಂದೆ' ಬಂದಾಗ ಹೊಸ ಮಂಡಳಿಗೆ ಅವನು ಹೊರೆಯಾದ. ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋಗು, ಇಲ್ಲವೇ ಸಂಬಳ ಇಳಿಸು ಎಂದು ಒತ್ತಡ. ಟ್ರೈನಿಂಗ್ ಮೈದಾನದ ಹೊರಗೆ ಅವನ ಕಾರು ಕಂಡ ಅಭಿಮಾನಿಗಳೇ, ಸಂಬಳ ಕಡಿಮೆ ಮಾಡಿಕೋ ಎಂದು ಕೆಟ್ಟ ಮಾತಲ್ಲಿ ಬೈದರು. ಅವನು ಕೋಟ್ಯಧಿಪತಿ, ನಿಜ. ಆದರೆ ಅವನು ಕೇಳಿದ್ದು ಆಡಿ ಗಳಿಸಿದ ಸಂಬಳದ ಬಾಕಿ. ಕುಟೀನ್ಯೊಗೆ ಚೆಕ್ ಬರೆದವರ ಕಾರು ಕಂಡು ಯಾರೂ ಬೈದದ್ದನ್ನು ನಾನು ಓದಿಲ್ಲ. ಯಾವ ದೇಶದಲ್ಲಾದರೂ ನೋಡಿ, ಬಾಕಿ ಉಳಿಸಿಕೊಂಡವನು ಕಷ್ಟದಲ್ಲಿರುವವನು, ಬಾಕಿ ಕೇಳಿದವನು ದುರಾಸೆಯವನು. ಬೇಜಾರಾಗಿ ಹೋಗಿದೆ.

ದೂರದ್ದೇ ಯಾಕೆ. ಟೆರ್ ಸ್ಟೇಗನ್ ಪಟ್ಟ ಹೋಗಿಬಂದ ಅದೇ ವಾರ, ಆಗಸ್ಟ್ 4ರಂದು, ನಮ್ಮ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ ಕರಾರು ನವೀಕರಣವಾಗಿರಲಿಲ್ಲ, ದೇಶದ ಮುಖ್ಯ ಫುಟ್‌ಬಾಲ್ ಲೀಗ್ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಮಿತಿ ಇಳಿಸುವ ತಲೆನೋವೇ ಬೇಡ. ಸಂಬಳವೇ ಇಲ್ಲದ ಮೇಲೆ ಯಾವ ಮಿತಿ? ಸ್ಟಾರ್ ಆಟಗಾರ ಸುನಿಲ್ ಚೆಟ್ರಿಯ ಹೆಸರು ಪೇಪರಿನಲ್ಲಿ ಬರುತ್ತದೆ. ಜೆರ್ಸಿ ಒಗೆಯುವವನದು, ಬೂಟು ಜೋಡಿಸುವವನದು ಬರುವುದಿಲ್ಲ. ಆ ತಿಂಗಳ ಬಾಡಿಗೆ ಅವರು ಹೇಗೆ ಕಟ್ಟಿದರು ಎಂದು ಕೇಳಲು ಒಂದು ಮೈಕೂ ಹೋದಂತಿಲ್ಲ.

ನಮ್ಮ ಊರಿನ ಬಾರ್ಸಾ ಭಕ್ತರಿಗೆ ಇದ್ಯಾವುದರ ಚಿಂತೆಯೂ ಇರಲಿಲ್ಲ. ಆಗಸ್ಟ್ 16ರಂದು ಮಯೋರ್ಕಾ ಜೊತೆ ಮೊದಲ ಮ್ಯಾಚ್, ನಮಗೆ ರಾತ್ರಿ 11ಕ್ಕೆ. ಸಂಜೆಯಿಂದಲೇ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಲೀಗಿನ ವೆಬ್‌ಸೈಟ್ ರಿಫ್ರೆಶ್ ಮಾಡುತ್ತಾ ಕೂತಿದ್ದರು. ಗಾರ್ಸಿಯಾ ಹೆಸರು ಬಂತಾ, ಹೊಸದಾಗಿ ಬಂದ ರಾಶ್‌ಫರ್ಡ್ ಹೆಸರು ಬಂತಾ. ಇಬ್ಬರದೂ ಬಂತು. ಪಟಾಕಿ ಇಮೋಜಿಗಳ ಸುರಿಮಳೆ, 'ವಿಸ್ಕಾ ಬಾರ್ಸಾ' ಘೋಷಣೆ, ಟ್ರೋಫಿಯ ಚಿತ್ರ. ಆಮೇಲೆ ಒಬ್ಬ ಕೇಳಿದ, 'ಅಂದ್ಹಾಗೆ ಗುರೂ, ಇವತ್ತು ಮ್ಯಾಚ್ ಯಾರ ಮೇಲೆ?'